ಮೂಗು ಬಿಟ್ಟ ಮೇಲೂ ಬರೀ ಸಿಹಿ

ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ನಾನು ಆಹಾರ ವಿಜ್ಞಾನ ಕಲಿಸುತ್ತೇನೆ. ಮನೆ ಹಾವೇರಿಯಲ್ಲಿ, ದಿನಾ ಬಸ್ಸಿನ ಓಡಾಟ. ನಮ್ಮ ಪ್ರಯೋಗಾಲಯ ಅಂದರೆ ಉದ್ದನೆಯ ಒಂದು ಕೋಣೆ. ಗೋಡೆಗುಂಟ ಕಲ್ಲಿನ ಕಟ್ಟೆ, ಅದರ ಮೇಲೆ ಗ್ಯಾಸ್ ಒಲೆಗಳು, ತಕ್ಕಡಿ, ಒಂದಿಷ್ಟು ಗಾಜಿನ ಸಾಮಾನು. ಉಳಿದದ್ದೆಲ್ಲ ಮನೆಯ ಅಡುಗೆಮನೆಯಂತೆಯೇ. ಓದಲು ಬರುವವರು ಸುತ್ತಲಿನ ಊರುಗಳ ಹುಡುಗಿಯರು. ಒಕ್ಕಲುತನದ ಮನೆಯವರು, ಅಂಗಡಿಕಾರರ ಮಕ್ಕಳು. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಲೇ ಬೆಳೆದವರು. ಆದರೆ ತರಗತಿಗೆ ಬರುವಾಗ ಅದನ್ನೆಲ್ಲ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುತ್ತಿದ್ದರು. ‘ಸ್ವಾದ ಎಂದರೇನು?’ ಅಂದರೆ ಪುಸ್ತಕದ ಸಾಲನ್ನು ತಪ್ಪಿಲ್ಲದೆ ಒಪ್ಪಿಸುವರು. ಒಂದು ಲೋಟ ಮಜ್ಜಿಗೆ ಕೈಗೆ ಕೊಟ್ಟು ‘ಹೆಂಗೈತಿ?’ ಅಂದರೆ ‘ಚಲೋ ಐತ್ರಿ’ ಅನ್ನುವುದರಾಚೆ ಮಾತಿಲ್ಲ.

ಅದಕ್ಕೇ ಒಂದು ದಿನ ಪುಸ್ತಕ ಮುಚ್ಚಿ, ಏಲಕ್ಕಿ, ಜೀರಿಗೆ, ಬಡೇಸೋಪು ಮೂರನ್ನೂ ಬೇರೆಬೇರೆಯಾಗಿ ಸಕ್ಕರೆಯ ಜೊತೆ ನುಣ್ಣಗೆ ಕುಟ್ಟಿಸಿಕೊಂಡು ಹೋದೆ. ಎಲ್ಲರೂ ಕಣ್ಣು ಮುಚ್ಚಬೇಕು, ಮೂಗನ್ನು ಗಟ್ಟಿಯಾಗಿ ಹಿಡಿಯಬೇಕು, ನಾನು ಅಂಗೈಗೆ ಹಾಕಿದ ಪುಡಿಯನ್ನು ನಾಲಿಗೆಗೆ ಇಟ್ಟುಕೊಳ್ಳಬೇಕು.

‘ಏನದು?’ ಅಂದೆ.

‘ಸಕ್ಕರಿ ರೀ,’ ಎಂದಿತು ಇಡೀ ಕೋಣೆ.

‘ಈಗ ಮೂಗು ಬಿಡ್ರಿ.’

ಬಿಟ್ಟರು. ಆಮೇಲೆ ಗದ್ದಲವೋ ಗದ್ದಲ. ‘ಏಲಕ್ಕಿ! ಮೇಡಂ, ಏಲಕ್ಕಿ ರೀ!’ ‘ನಂದು ಜೀರಿಗಿ!’ ಒಬ್ಬಳಂತೂ ಮತ್ತೆ ಮತ್ತೆ ಮೂಗು ಹಿಡಿದು, ಬಿಟ್ಟು, ದೀಪದ ಗುಂಡಿ ಸಿಕ್ಕ ಮಗುವಿನಂತೆ ಆಡುತ್ತಿದ್ದಳು. ನಾವು ರುಚಿ ಅನ್ನುವುದರಲ್ಲಿ ನಾಲಿಗೆಯ ಪಾಲು ಎಷ್ಟು ಸಣ್ಣದು, ಮೂಗಿನ ಪಾಲು ಎಷ್ಟು ದೊಡ್ಡದು ಎಂದು ನಾನು ಬಾಯಿ ಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಕಿಟಕಿಯ ಪಕ್ಕದ ಒಬ್ಬಳು ಮಾತ್ರ ಸುಮ್ಮನೆ ನಿಂತಿದ್ದಳು. ಮೇಡ್ಲೇರಿ ಕಡೆಯ ಹುಡುಗಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ‘ನಿಂಗ ಯಾವುದು ಬಂತವಾ?’ ಅಂದೆ.

‘ಸಿಹಿ ಅಷ್ಟ ಐತ್ರಿ.’

‘ಮೂಗು ಬಿಟ್ಟಿಯಿಲ್ಲೋ?’

‘ಬಿಟ್ಟೇನ್ರಿ. ಆದ್ರೂ ಹಂಗ ಐತಿ.’

ಗೆಳತಿಯರು ಚೇಷ್ಟೆ ಅಂದುಕೊಂಡು ನಕ್ಕರು. ಅವಳೂ ನಗಲು ನೋಡಿದಳು. ಆ ನಗು ಅರ್ಧಕ್ಕೇ ನಿಂತದ್ದು ನನಗೆ ಕಂಡಿತು.

ತರಗತಿ ಮುಗಿದ ಮೇಲೆ ತಟ್ಟೆ ತೊಳೆಯುತ್ತಿದ್ದ ಅವಳ ಪಕ್ಕ ಹೋಗಿ ನಿಂತೆ. ಕೇಳುವ ಮೊದಲೇ ಅವಳೇ ಹೇಳಿದಳು. ಪಿಯುಸಿಯಲ್ಲಿದ್ದಾಗ ಕೊರೊನಾ ಬಂದಿತ್ತು. ಜ್ವರ ಹೋಯಿತು, ಕೆಮ್ಮು ಹೋಯಿತು; ವಾಸನೆ ಮಾತ್ರ ತಿರುಗಿ ಬರಲೇ ಇಲ್ಲ.

‘ಮನ್ಯಾಗ ಹೇಳಿಲ್ಲೇನು?’

‘ಏನಂತ ಹೇಳ್ಲಿ ರೀ? ಓಣ್ಯಾಗ ಜೀವಾನ ಹೋದವ್ರು ಅದಾರ. ನಂದು ಬರೇ ವಾಸನಿ. ಅದನ್ನ ಹೇಳಾಕ ನಾಚಿಕಿ ಬರ್ತಿತ್ರಿ.’

ಹಾಲು ತಳ ಹಿಡಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲವಂತೆ. ‘ಫೋನ್ ನೋಡ್ಕೋತ ಕುಂತಿರ್ತಿ, ಮನಿ ಮ್ಯಾಲ ಲಕ್ಷ್ಯ ಇಲ್ಲ’ ಅಂತ ತಾಯಿ ಬಯ್ಯುವಳು. ಇವಳು ಬೈಸಿಕೊಂಡು ಸುಮ್ಮನಿರುವಳು. ಹಾಗಿದ್ದರೆ ಈ ವಿಷಯ ಯಾಕೆ ತೆಗೆದುಕೊಂಡೆ ಅಂದೆ. ‘ಇದರಾಗ ಸೀಟು ಸಿಕ್ತ್ರಿ,’ ಅಂದಳು. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವಳು ಕೇಳಿದಳು, ‘ಪರೀಕ್ಷಾದಾಗ ವಾಸನಿ ನೋಡಿ ಬರೀರಿ ಅಂದ್ರ ಏನ್ ಮಾಡ್ಲಿ ರೀ?’

ಆ ದಿನ ಹಾವೇರಿಯವರೆಗೂ ಬಸ್ಸಿನಲ್ಲಿ ಅದೇ ಯೋಚನೆ. ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಪರೀಕ್ಷೆಯಲ್ಲ, ಗ್ಯಾಸ್. ಒಲೆಯ ಹತ್ತಿರ ಅವಳು ಒಬ್ಬಳೇ ಇರಬಾರದು. ಮರುದಿನವೇ ಎಲ್ಲರೂ ಜೋಡಿಯಾಗಿ ಕೆಲಸ ಮಾಡಬೇಕೆಂದು ಹೇಳಿದೆ, ಕಾರಣ ಹೇಳಲಿಲ್ಲ. ಇನ್ನೊಂದು ಯೋಚನೆ ನಿಧಾನಕ್ಕೆ ಬಂತು. ಎಲ್ಲ ಬಾಗಿಲುಗಳೂ ತೆರೆದಿರುವವರಿಗಷ್ಟೇ ಕಲಿಸುವುದಾದರೆ ಅದು ಎಂಥ ಕಲಿಸುವಿಕೆ? ಊಟದ ಬಳಿಗೆ ಹೋಗುವ ಬೇರೆ ದಾರಿಗಳನ್ನು ಅವಳ ನೆಪದಲ್ಲಿ ನಾನೇ ಹುಡುಕಬೇಕಿತ್ತು.

ಮುಂದಿನ ವಾರ ಖಡಕ್ ರೊಟ್ಟಿ ತಂದೆ. ಒಂದಿಷ್ಟನ್ನು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದೆ, ಒಂದಿಷ್ಟನ್ನು ಹಸಿ ಬಟ್ಟೆಯ ಹತ್ತಿರ ತೆರೆದಿಟ್ಟಿದ್ದೆ. ಕಣ್ಣು ಮುಚ್ಚಿಸಿ ಕೂರಿಸಿ, ಕಿವಿಯ ಹತ್ತಿರ ಒಂದೊಂದಾಗಿ ಮುರಿದೆ. ಯಾವುದು ಗರಿಗರಿ, ಯಾವುದು ಮೆತ್ತಗಾಗಿದೆ ಹೇಳಬೇಕು. ಮೇಡ್ಲೇರಿಯ ಹುಡುಗಿ ಎಲ್ಲರಿಗಿಂತ ಮೊದಲು ಹೇಳಿದಳು. ಜೊತೆಗೆ, ‘ಇದು ಮುರಿಯಾಕ ಸ್ವಲ್ಪ ತಡ ಮಾಡ್ತ್ರಿ, ಬಾಗಿ ಆಮ್ಯಾಲ ಮುರೀತು,’ ಅಂದಳು. ಅವಳ ಕಿವಿ ವಿಶೇಷ ಚುರುಕು ಅಂತಲ್ಲ. ಇಷ್ಟು ಕಾಲ ಅವಳು ಊಟ ಮಾಡಿದ್ದೇ ಹಲ್ಲಿನಿಂದ, ಕಿವಿಯಿಂದ, ಬೆರಳಿನಿಂದ. ಗಾಳಿಯ ತೇವ ರೊಟ್ಟಿಯೊಳಗೆ ಸೇರಿದರೆ ಏನಾಗುತ್ತದೆ, ಸಂಡಿಗೆಯನ್ನು ಅಷ್ಟು ಒಣಗಿಸುವುದು ಯಾಕೆ, ಒಣಗಿದ್ದು ಯಾಕೆ ಬೇಗ ಕೆಡುವುದಿಲ್ಲ ಎಂಬ ಪಾಠ ಅವಳ ಆ ಒಂದು ಮಾತಿನಿಂದ ಶುರುವಾಗಿ ಗಂಟೆ ಬಾರಿಸುವವರೆಗೂ ನಡೆಯಿತು. ಆ ದಿನ ಅವಳು ತಾನಾಗಿ ಕೈ ಎತ್ತಿ ಪ್ರಶ್ನೆ ಕೇಳಿದಳು.

ಮೆಣಸಿನಕಾಯಿ ಸುಗ್ಗಿಯಲ್ಲಿ ಎಲ್ಲರನ್ನೂ ಬ್ಯಾಡಗಿಯ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಕಣ್ಣು ಹಾಯುವಷ್ಟು ದೂರ ಚೀಲಗಳು, ಕೆಂಪು ರಾಶಿಗಳು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಪಕ್ಕದಲ್ಲೇ ಬೇರೆ ತಳಿಯ ಖಾರದ ಕಾಯಿಯೂ ಇತ್ತು. ಬಣ್ಣ ಒಂದು ಪದಾರ್ಥದಿಂದ, ಖಾರ ಇನ್ನೊಂದರಿಂದ ಎಂದು ತೋರಿಸುವುದು ನನ್ನ ಉದ್ದೇಶ. ಅಷ್ಟರಲ್ಲಿ ಯಾರೋ ಚೀಲ ಸುರುವಿದರು. ಘಾಟು ಎದ್ದು ಎಲ್ಲರೂ ಸೀನಿದರು, ಕೆಮ್ಮಿದರು, ಸೆರಗಿನಿಂದ, ದುಪಟ್ಟಾದಿಂದ ಮೂಗು ಮುಚ್ಚಿಕೊಂಡರು. ನೋಡಿದರೆ ಅವಳೂ ಸೀನುತ್ತಿದ್ದಾಳೆ. ಕಣ್ಣಲ್ಲಿ ನೀರು. ಓಡಿಬಂದು ನನ್ನ ಕೈ ಹಿಡಿದಳು.

‘ಮೇಡಂ, ಬಂತ್ರಿ! ವಾಸನಿ ಬಂತ್ರಿ!’

ಅಷ್ಟರಲ್ಲಾಗಲೇ ಗೆಳತಿಯರಿಗೆಲ್ಲ ಅವಳೇ ತನ್ನ ವಿಷಯ ಹೇಳಿದ್ದಳು. ಅವರು ಅವಳನ್ನು ಅಪ್ಪಿಕೊಂಡು ಕುಣಿದಾಡಿದರು. ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನನಗೆ ಗೊತ್ತಿತ್ತು, ಅದು ವಾಸನೆಯಲ್ಲ. ಮೆಣಸಿನಕಾಯಿಯ ಘಾಟು ಎಂದರೆ ಉರಿ. ಉರಿಯನ್ನು ಮೆದುಳಿಗೆ ಮುಟ್ಟಿಸುವ ನರವೇ ಬೇರೆ. ಈಗಲೇ ಹೇಳಲೋ, ಬೇಡವೋ? ಸಂಜೆ ಮನೆಗೆ ಹೋಗಿ ಲವಂಗದ ಡಬ್ಬಿ ತೆರೆದಾಗ ಅವಳಿಗೆ ತಾನಾಗಿಯೇ ತಿಳಿಯುತ್ತದೆ. ಒಬ್ಬಳೇ ಇದ್ದಾಗ ತಿಳಿಯುವುದಕ್ಕಿಂತ ನಾವೆಲ್ಲ ಇರುವಾಗ ತಿಳಿಯಲಿ ಅನ್ನಿಸಿತು.

ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಶುಂಠಿ ಚಹಾ ಕೊಡಿಸಿದೆ. ಲೋಟವನ್ನು ಮೂಗಿನ ಹತ್ತಿರ ಹಿಡಿದಳು. ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಮುಖ ನಿಧಾನಕ್ಕೆ ಬಾಡಿತು.

‘ಹಂಗಾರ ಅಲ್ಲಿ ಬಂದಿದ್ದೇನ್ರಿ?’

ಹೇಳಿದೆ. ಸಾಧ್ಯವಾದಷ್ಟು ಮೆತ್ತಗೆ ಹೇಳಿದೆ. ಅವಳು ಕೇಳಿಸಿಕೊಂಡು, ಲೋಟ ಕೆಳಗಿಟ್ಟು, ‘ಇವತ್ತೊಂದಿನ ಸುಮ್ಮನಿರಬಾರದಿತ್ತೇನ್ರಿ ನೀವು?’ ಅಂದಳು. ಎದ್ದು ಹೋಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಳು. ರಾಣೆಬೆನ್ನೂರು ಬರುವವರೆಗೂ ಹಿಂತಿರುಗಿ ನೋಡಲಿಲ್ಲ.

ಆ ಮೇಲೆ ಕೆಲವು ದಿನ ಅವಳು ಕಾಲೇಜಿಗೆ ಬರಲಿಲ್ಲ. ನಾನು ಫೋನ್ ಮಾಡಬೇಕೆಂದುಕೊಳ್ಳುವಷ್ಟರಲ್ಲಿ ತಾಯಿಯನ್ನು ಕರೆದುಕೊಂಡು ಬಂದಳು. ತಲೆ ತುಂಬ ಸೆರಗು ಹೊದ್ದ ಗಟ್ಟಿಮುಟ್ಟಾದ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಪ್ರಯೋಗಾಲಯವನ್ನು ಒಂದು ಸಲ ಕಣ್ಣಾಡಿಸಿ ನೋಡಿದರು.

‘ಬರ್ರಿ, ಕುಂದ್ರಿ,’ ಅಂದೆ.

‘ಕುಂದ್ರಾಕ ಬಂದಿಲ್ರಿ ಅಕ್ಕಾರ. ಮೊನ್ನೆ ಅತ್ಕೋತ ಎಲ್ಲಾ ಹೇಳಿದಳ್ರಿ. ಹೊತ್ತಿದ ಹಾಲಿಗೆ ಎಷ್ಟು ಬೈದೇನಿ ಈಕೀನ! ಇದಕ್ಕ ಔಷಧ ಐತೇನು, ಅದನ್ನಷ್ಟು ಹೇಳ್ರಿ.’

ರಾಣೆಬೆನ್ನೂರಿನಲ್ಲೇ ಇರುವ ಕಿವಿ-ಮೂಗು ಡಾಕ್ಟರ ಹತ್ತಿರ ಮೂವರೂ ಹೋದೆವು. ಅವರು ಪರೀಕ್ಷಿಸಿ, ಗುಳಿಗೆಯಿಂದ ಆಗುವ ಕೆಲಸವಲ್ಲ, ಮೂಗಿಗೆ ಮತ್ತೆ ಅಭ್ಯಾಸ ಮಾಡಿಸಬೇಕು ಅಂದರು. ನಿಂಬೆ, ಲವಂಗ, ಗುಲಾಬಿ, ನೀಲಗಿರಿ ಎಣ್ಣೆ ಇವನ್ನು ಬೆಳಿಗ್ಗೆ ಸಂಜೆ ಮೂಸಬೇಕು, ಮೂಸುವಾಗ ಆ ವಾಸನೆಯನ್ನು ನೆನಪಿಸಿಕೊಳ್ಳಬೇಕು. ಬರಬಹುದು, ಬರದೆಯೂ ಇರಬಹುದು.

ತಾಯಿ ಇದನ್ನು ವ್ರತದಂತೆ ಹಿಡಿದರು. ದಿನಾ ಬೆಳಿಗ್ಗೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಮೂಗಿಗೆ ಲವಂಗ ಹಿಡಿದು, ‘ನಿಮ್ಮಜ್ಜಿ ಹಲ್ಲು ನೋಯಾಕತ್ತಿದ್ರ ದವಡಿಗೆ ಇಟ್ಕೊಂಡು ಕುಂದರ್ತಿದ್ಲಲ್ಲ, ಅಕಿ ಬಾಯಿ ಹೆಂಗ ನಾರ್ತಿತ್ತು ನೋಡು, ಅದು,’ ಅನ್ನುವರಂತೆ. ಹುಡುಗಿ ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನನಗೆ ಮಾತ್ರ ಏನೋ ಹೊಳೆಯಿತು.

ಅಂದಿನಿಂದ ನಮ್ಮ ತರಗತಿಯಲ್ಲಿ ಒಂದು ಹೊಸ ನಿಯಮ ಬಂತು. ಯಾವ ಪದಾರ್ಥವನ್ನೇ ಮೂಸಲಿ, ಅದನ್ನು ಅವಳಿಗೆ ಅರ್ಥವಾಗುವಂತೆ ಹೇಳಬೇಕು. ‘ಚಲೋ ಐತಿ’, ‘ಘಮ್ ಅಂತೈತಿ’ ಅನ್ನುವ ಹಾಗಿಲ್ಲ. ಮೊದಮೊದಲು ತಡವರಿಸಿದರು. ಆಮೇಲೆ ನಾಲಿಗೆ ಬಿಚ್ಚಿತು. ಹುರಿದ ಶೇಂಗಾ ‘ಬಿಸಲಾಗ ಕಾದ ಕಟಗಿ ಬಾಗಲದಂಗ’ ಅಂದಳು ಒಬ್ಬಳು. ಹುಳಿ ಬಂದ ಹಿಟ್ಟಿಗೆ ‘ಮೊದಲ ಹಣ್ಣಿನಂಗ, ಆಮ್ಯಾಲ ಒದ್ದಿ ಅರಿವಿಯಂಗ’ ಅಂದಳು ಇನ್ನೊಬ್ಬಳು. ಅಲ್ಲಲ್ಲ ಎಂದು ಮೂರನೆಯವಳು ಜಗಳಕ್ಕೆ ನಿಂತಳು. ಜಗಳ ಬಿಡಿಸಲು ಮತ್ತೆ ಮೂಸಬೇಕು; ಮೂಸಿದರೆ ಹಿಟ್ಟಿನಲ್ಲಿ ಏನು ನಡೆಯುತ್ತಿದೆ ಎಂಬ ಪ್ರಶ್ನೆ ತಾನಾಗಿ ಏಳುವುದು. ಹುದುಗು, ಆಮ್ಲ, ಸೂಕ್ಷ್ಮಜೀವಿ ಎಂಬ ಪದಗಳನ್ನು ಆಗ ಅವರೇ ಕೇಳಿ ಪಡೆಯುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳಬೇಕಾಗಿ ಬಂದಾಗಲೇ ನಮಗೆ ಗೊತ್ತಿರುವುದು ಎಷ್ಟೆಂದು ತಿಳಿಯುವುದು. ಅವಳಿಗೆ ಹೇಳುತ್ತ ಹೇಳುತ್ತ ಅವರು ಮೂಸುವುದನ್ನು ಕಲಿತರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ಒಮ್ಮೊಮ್ಮೆ ‘ಹಾಂ, ನೆನಪಾತು’ ಅನ್ನುವಳು.

ಪರೀಕ್ಷೆ ನಡೆಸಲು ಹೊರಗಿನಿಂದ ಬಂದವರಿಗೆ ಮೊದಲೇ ವಿಷಯ ತಿಳಿಸಿದ್ದೆ. ಅವರು ಅವಳಿಗೆ ಬಣ್ಣದ ಮತ್ತು ಗರಿಗರಿ-ಮೆತ್ತಗೆ ಎಂಬ ಮೈಗುಣದ ಭಾಗವನ್ನೇ ಹೆಚ್ಚು ಕೊಟ್ಟರು. ಚೆನ್ನಾಗಿಯೇ ಮಾಡಿದಳು. ಓದು ಮುಗಿಸಿ ಈಗ ರಾಣೆಬೆನ್ನೂರಿನಲ್ಲೇ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಒಂದು ಸಣ್ಣ ಘಟಕದಲ್ಲಿ ರೊಟ್ಟಿಯ ಪ್ಯಾಕೆಟ್ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಚಟ್ನಿಪುಡಿಯ ಕಡೆಗೆ ಜೊತೆಯವಳಿದ್ದಾಳೆ.

ನಡುವೆ ಒಂದು ಬೆಳಿಗ್ಗೆ ಫೋನ್ ಮಾಡಿದ್ದಳು. ಬೆಳ್ಳುಳ್ಳಿ ಒಗ್ಗರಣೆ ರಬ್ಬರ್ ಸುಟ್ಟಂತೆ ನಾರುತ್ತಿದೆಯಂತೆ. ತಾಯಿ ಹೆದರಿದ್ದರು. ಡಾಕ್ಟರು, ಇದು ಒಳ್ಳೆಯ ಲಕ್ಷಣ, ಮೂಗು ತಪ್ಪುತಪ್ಪಾಗಿಯಾದರೂ ಮಾತಾಡಲು ಶುರು ಮಾಡಿದೆ ಅಂದರಂತೆ. ಎಷ್ಟೋ ದಿನ ಬರೀ ಮೊಸರನ್ನ ತಿಂದು ಕಳೆದಳು. ಲವಂಗ ಮೂಸುವುದನ್ನು ಮಾತ್ರ ಬಿಡಲಿಲ್ಲ.

ಹೋದ ಬೇಸಿಗೆಯಲ್ಲಿ ನನ್ನನ್ನು ನೋಡಲು ಕಾಲೇಜಿಗೆ ಬಂದಳು. ಮಾವಿನ ಹಣ್ಣು ತಂದಿದ್ದಳು. ಪ್ರಯೋಗಾಲಯದ ಕಟ್ಟೆಯ ಮೇಲೆ ಹೆಚ್ಚಿಟ್ಟು ಇಬ್ಬರೂ ತಿನ್ನುತ್ತಿದ್ದೆವು. ಒಂದು ಹೋಳನ್ನು ಬಾಯಿಗಿಡುವ ಮೊದಲು ಅವಳು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು.

‘ಏನೋ ಐತ್ರಿ ಇದರಾಗ,’ ಅಂದಳು. ‘ಹೆಂಗ ಹೇಳ್ಬೇಕು ತಿಳೀವಲ್ದು. ಆದ್ರ ಖರೇನ ಏನೋ ಐತಿ.’

‘ಸಾವಕಾಶ,’ ಅಂದೆ.

ಅವಳು ಮತ್ತೊಮ್ಮೆ ಉಸಿರೆಳೆದಳು. ನಾನು ಏನೂ ಹೇಳಿಕೊಡಲಿಲ್ಲ.