ಚಳಿಗಾಲದ ಪಟ್ಟಿಯ ಕೊನೆಯ ಸಾಲು

ಮಾನ್ವಿ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ದೀಪಾವಳಿ ಮುಗಿದು ಮಕ್ಕಳ ತುಟಿ ಒಡೆಯಲು ಶುರುವಾದ ಕೂಡಲೇ ಪಾಲಕರಿಗೆ ಒಂದು ಸೂಚನೆಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಬೇಕು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬೀಳುತ್ತದೆ. ಕಿವಿ ಮುಚ್ಚುವಂಥ ಟೊಪ್ಪಿಗೆ ಹಾಕಿ ಕಳಿಸಿ. ಕಾಯಿಸಿದ ನೀರು ಕೊಡಿ. ಜ್ವರವಿದ್ದರೆ ಮನೆಯಲ್ಲೇ ಮಲಗಿಸಿ, ಹಾಜರಿ ಎಲ್ಲಿಗೂ ಓಡಿಹೋಗುವುದಿಲ್ಲ. ನೈಲಾನ್ ಫ್ರಾಕ್ ಹಾಕಿದ ಹುಡುಗಿಯರನ್ನು ಹತ್ತಿ ಕಟ್ಟಿಗೆಯ ಬೆಂಕಿಯ ಹತ್ತಿರ ಕೂರಿಸಬೇಡಿ. ಹತ್ತಿ ಹೇರಿದ ಟ್ರ್ಯಾಕ್ಟರಿನ ಹಿಂದೆ ಜೋತುಬಿದ್ದರೆ ಕಿವಿ ಹಿಂಡಿ ಬುದ್ಧಿ ಹೇಳಿ. ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿಸಿ.

ಇವೆಲ್ಲ ಮೇಲಿನಿಂದ ಬಂದ ಮಾತುಗಳು, ಅಲ್ಲಲ್ಲಿ ನನ್ನ ಒಗ್ಗರಣೆ ಅಷ್ಟೇ. ಕೊನೆಯ ಸಾಲು ಮಾತ್ರ ಪೂರ್ತಿ ನನ್ನದು: ‘ಕೆಮ್ಮು, ದಮ್ಮು ಬಂದ ಮಕ್ಕಳಿಗೆ ಬರೆ ಹಾಕಬೇಡಿ, ದವಾಖಾನೆಗೆ ಕರೆದುಕೊಂಡು ಹೋಗಿ.’

ನಮ್ಮ ಕಡೆ ಮಗುವಿನ ಎದೆ ಕಟ್ಟಿತೆಂದರೆ ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಅದರ ತುದಿ ಕೆಂಪಗಾದ ಮೇಲೆ ಹೊಟ್ಟೆಗೆ ಒತ್ತುತ್ತಾರೆ. ಹೊಕ್ಕಳಿನ ಮೇಲೆ ಒಂದು, ಆಚೆ ಈಚೆ ಒಂದೊಂದು. ಸುಟ್ಟರೆ ಒಳಗಿನ ಥಂಡಿ ಬಿಟ್ಟುಹೋಗುತ್ತದೆ ಎಂಬ ನಂಬಿಕೆ. ಕೂಸು ಕಿರುಚಿ ಕಿರುಚಿ ಸುಸ್ತಾಗಿ ಮಲಗುತ್ತದೆ, ಮನೆಯವರು ಅದನ್ನೇ ಗುಣವೆಂದುಕೊಂಡು ನಿಟ್ಟುಸಿರು ಬಿಡುತ್ತಾರೆ. ಮುಖ್ಯೋಪಾಧ್ಯಾಯರು ಆ ಸಾಲನ್ನು ಓದಿ ಕನ್ನಡಕ ತೆಗೆದರು. “ಇದೊಂದು ಬ್ಯಾಡ್ರಿ ಟೀಚರ್. ಮಂದಿ ಮನಸಿಗೆ ಹಚ್ಕೋತಾರ. ಸಾಲಿ ಅಂದ ಮ್ಯಾಲ ಊರ ಜೋಡಿ ಬಾಳೇವು ಮಾಡ್ಬೇಕಲ್ಲ?” ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಳಿಸುವುದಿಲ್ಲ ಎಂದೆ. ಅವರು ಕನ್ನಡಕ ಮತ್ತೆ ಏರಿಸಿ ಹಾಳೆಯನ್ನು ನನಗೆ ಮರಳಿಸಿದರು.

ಅವರಿಗೆ ಗೊತ್ತಿಲ್ಲದ ಮಾತೊಂದಿತ್ತು. ನನ್ನ ಹೊಟ್ಟೆಯ ಮೇಲೆಯೇ ಅಂಥ ಮೂರು ಕಲೆಗಳಿವೆ. ನಾನು ಒಂದೂವರೆ ವರ್ಷದವಳಿದ್ದಾಗ ದೇವದುರ್ಗದ ನಮ್ಮ ಮನೆಯಲ್ಲಿ ಹಾಕಿಸಿದ್ದು. ಚಿಕ್ಕಂದಿನಲ್ಲಿ ಸ್ನಾನ ಮಾಡಿಸುವಾಗಲೆಲ್ಲ ಅವ್ವ ಆ ಕಲೆಗಳ ಮೇಲೆ ಕೈಯಾಡಿಸಿ “ಇದರಿಂದನ ನೀ ಉಳದಿ” ಎನ್ನುತ್ತಿದ್ದಳು. ಟ್ರೇನಿಂಗ್ ಕಾಲೇಜಿಗೆ ಹೋದ ಮೇಲೆ ನಾನು ಅದನ್ನು ನಂಬಲಿಲ್ಲ. ಆದರೆ ಅವಳ ಎದುರು ಒಂದು ದಿನವೂ ಅಲ್ಲಗಳೆಯಲಿಲ್ಲ.

ಆ ವರ್ಷದ ಪಾಲಕರ ಸಭೆಯನ್ನು ಬೆಳಿಗ್ಗೆ ಬೇಗ ಇಟ್ಟುಕೊಂಡೆವು. ಹತ್ತಿ ಬಿಡಿಸುವ ಕಾಲ, ಬಿಸಿಲೇರಿದರೆ ಹೊಲ ಬಿಟ್ಟು ಒಬ್ಬರೂ ಬರುವುದಿಲ್ಲ. ಅಂಗಳದ ಎಳೆ ಬಿಸಿಲಿನಲ್ಲಿ ಹೆಂಗಸರು ಸೆರಗು ಹೊದ್ದು ಕೂತಿದ್ದರು, ಮಕ್ಕಳು ಶಾಲೆಯ ಬಿಸಿ ಹಾಲಿನ ಲೋಟ ಹಿಡಿದು ಊದಿ ಊದಿ ಕುಡಿಯುತ್ತಿದ್ದರು. ನಾನು ಒಂದೊಂದೇ ಸಾಲು ಓದಿದೆ. ಟೊಪ್ಪಿಗೆಗೆ ತಲೆಯಾಡಿಸಿದರು, ಕಾಯಿಸಿದ ನೀರಿಗೆ ನಕ್ಕರು. ಕೊನೆಯ ಸಾಲಿಗೆ ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಎರಡನೇ ತರಗತಿಯ ಒಬ್ಬ ಹುಡುಗಿಯ ಅಜ್ಜಿ ಮಾತ್ರ ಎಲೆಯಡಿಕೆ ಪಕ್ಕಕ್ಕೆ ಉಗಿದು ಬಂದು, “ಅಲ್ರೀ ಟೀಚರ್, ನಿಮ್ಮವ್ವ ನಿಮಗ ಬರಿ ಹಾಕ್ಸಿಲ್ಲೇನ್ರಿ? ಖರೇ ಹೇಳ್ರಿ” ಎಂದಳು. ಹೆಂಗಸರೆಲ್ಲ ನಕ್ಕರು. “ಅದೆಲ್ಲ ಈಗ್ಯಾಕ ಬಿಡ್ರಿ” ಎಂದು ಹಾಳೆ ಮಡಚಿದೆ. ನಾಚಿಕೆಯಾಗಿತ್ತು. ನಿಜ ಹೇಳಿದರೆ ನನ್ನ ಮಾತಿನ ತೂಕ ಕಡಿಮೆಯಾದೀತು ಎಂಬ ಲೆಕ್ಕಾಚಾರವೂ ಇತ್ತು.

ಆ ಅಜ್ಜಿಯ ಮೊಮ್ಮಗಳು ಬಹಳ ಮಾತಿನ ಹುಡುಗಿ. ಪಾಠದ ನಡುವೆ ಎದ್ದು ನಿಂತು ತಮ್ಮ ಮನೆಯ ಆಡು ಮರಿ ಹಾಕಿದ ಸುದ್ದಿ ಹೇಳುವಳು. ಸುಮ್ಮನೆ ಕೂರು ಎಂದು ದಿನಕ್ಕೆ ನಾಲ್ಕು ಸಲವಾದರೂ ಗದರುತ್ತಿದ್ದೆ. ಸಭೆಯಾಗಿ ಎರಡು ವಾರಕ್ಕೆ ಒಂದು ದಿನ ಅವಳು ತಾನಾಗಿಯೇ ಸುಮ್ಮನೆ ಕೂತಿದ್ದಳು. ನಾನು ಮೊದಲು ಖುಷಿಪಟ್ಟೆ, ಅದನ್ನು ಈಗ ಮುಚ್ಚಿಡುವುದೇಕೆ. ಆಮೇಲೆ ಹತ್ತಿರ ಹೋಗಿ ನೋಡಿದರೆ ಪ್ರತಿ ಉಸಿರಿಗೂ ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಹಣೆ ಸುಡುತ್ತಿತ್ತು. ಮುಖ್ಯೋಪಾಧ್ಯಾಯರಿಗೆ ಹೇಳಿ ಅವಳನ್ನು ಎತ್ತಿಕೊಂಡು ಮನೆಗೆ ನಡೆದೆ.

ಮನೆಯಲ್ಲಿ ಅಜ್ಜಿ ಇದ್ದಳು. ತಂದೆ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ದುಡಿಯುವವನು, ವಾರಕ್ಕೊಮ್ಮೆ ಬರುವವನು. ತಾಯಿಗೆ ಹೇಳಿಕಳಿಸಿದೆವು. ಅವಳು ಹೊಲದಿಂದ ಓಡಿ ಬಂದಳು, ಸೆರಗಿನ ತುಂಬ ಹತ್ತಿಯ ಎಳೆ ಅಂಟಿತ್ತು. ಈಗಲೇ ಮಾನ್ವಿಗೆ ಹೋಗಬೇಕು, ಗಾಡಿ ನಾನು ತರಿಸುತ್ತೇನೆ ಎಂದೆ. ತಾಯಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅತ್ತೆಯ ಮುಖ ನೋಡಿದಳು.

“ಎದಿ ಕಟ್ಟ್ಯಾದ, ಅಷ್ಟ. ಸಂಜಿಗಿ ಬರಿ ಹಾಕ್ತೀನಿ, ಮುಂಜಾನಿಗಿ ಆಡ್ಕೋತ ಹೋಗ್ತಾಳ. ದವಾಖಾನ್ಯಾಗ ಏನ್ ಮಾಡ್ತಾರ? ಸೂಜಿ ಚುಚ್ಚಿ ಮಲಗಸ್ತಾರ” ಎಂದಳು ಅಜ್ಜಿ. ಕೆಟ್ಟವಳಲ್ಲ ಆಕೆ. ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎದೆ ನೀವುತ್ತಲೇ ಈ ಮಾತು ಹೇಳಿದಳು.

ಎಷ್ಟು ಹೇಳಿದರೂ ಜಗ್ಗಲಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲಿ ನಾನು ಸೆರಗು ಸರಿಸಿ ಹೊಟ್ಟೆ ತೋರಿಸಿದೆ. “ನೋಡ್ರಿ ಯವ್ವಾ! ನನಗೂ ಹಾಕ್ಯಾರ. ಸಣ್ಣ ಕೂಸಿನ ಹೊಟ್ಟಿ ಹಿಂಗ ಸುಟ್ಟಾರ. ಇದು ಔಷಧ ಅಂತೀರೇನು?” ಎಂದು ಕೂಗಿದೆ. ಕಲೆ ನೋಡಿದರೆ ಅವರ ಕರುಳು ಚುರ್ ಎಂದೀತು, ಆ ಕೂಸಿಗೆ ಇಂಥದ್ದು ಬೇಡ ಎಂದಾರು ಎಂದುಕೊಂಡಿದ್ದೆ.

ಅಜ್ಜಿ ಮೆಲ್ಲಗೆ ಬಗ್ಗಿ ನೋಡಿದಳು. ಒಂದು ಬೆರಳಿನಿಂದ ಮೂರೂ ಕಲೆಗಳನ್ನು ಮುಟ್ಟಿದಳು. ಆಮೇಲೆ ಸೊಸೆಯ ಕಡೆ ತಿರುಗಿ ಬಹಳ ಸಮಾಧಾನದಿಂದ ಹೇಳಿದಳು: “ನೋಡಿದ್ಯಾ? ಟೀಚರಿಗೂ ಹಾಕ್ಯಾರ. ಸತ್ತಾರೇನು? ಕಲ್ಲುಗುಂಡಿನಂಗ ಬೆಳದು, ನಾಕು ಅಕ್ಷರ ಕಲ್ತು, ನಮ್ಮ ಹುಡುಗರಿಗಿ ಕಲಸಾಕತ್ಯಾರ.”

ತಾಯಿಯ ಮುಖ ನೋಡನೋಡುತ್ತಲೇ ಹಗುರಾಯಿತು. ಅಷ್ಟು ಹೊತ್ತು ಭಯದಿಂದ ಬಿಗಿದಿದ್ದ ಮುಖ ಅದು. “ಹೌದ್ರೀ ಟೀಚರ್, ನಿಮಗ ಆರಾಮಾಗ್ಯಾದಲ್ಲ” ಎಂದಳು. ಬದುಕಿ ಎದುರಿಗೆ ನಿಂತಿದ್ದೆನಲ್ಲ, ಇನ್ನೇನು ಹೇಳಲಿ? ನಾಳೆ ಬೆಳಿಗ್ಗೆ ಹೇಗಿದ್ದರೂ ದವಾಖಾನೆಗೆ ಕರೆದೊಯ್ಯಬೇಕು ಎಂದು ತಾಯಿಯಿಂದ ಮಾತು ತೆಗೆದುಕೊಂಡೆ. ಅವಳು ಕೂಡಲೇ ಒಪ್ಪಿದಳು. ನಾನು ಶಾಲೆಗೆ ಮರಳಿ, ಉಳಿದ ಮಕ್ಕಳಿಗೆ ಮಗ್ಗಿ ಹೇಳಿಸಿ, ಸಂಜೆಯ ಬಸ್ಸಿಗೆ ಮಾನ್ವಿಯ ನನ್ನ ಮನೆಗೆ ಹೋದೆ. ಅಲ್ಲಿಯೇ ನಿಂತು ಆಂಬುಲೆನ್ಸಿಗೆ ಫೋನ್ ಮಾಡಬಹುದಿತ್ತು. ಅಂಗನವಾಡಿಯವರನ್ನು, ಆಶಾ ಕಾರ್ಯಕರ್ತೆಯನ್ನು ಕರೆತಂದು ಗಲಾಟೆ ಮಾಡಬಹುದಿತ್ತು. ಮಾಡಲಿಲ್ಲ. ಅದರ ಹೊಣೆಯನ್ನು ನಾನು ಯಾರ ಮೇಲೂ ಹಾಕುವುದಿಲ್ಲ.

ಮರುದಿನ ಹುಡುಗಿ ಶಾಲೆಗೆ ಬರಲಿಲ್ಲ. ದವಾಖಾನೆಗೆ ಹೋಗಿರಬೇಕೆಂದುಕೊಂಡೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ತಾಯಿ ಬರಿಗಾಲಲ್ಲಿ ಗೇಟಿನೊಳಗೆ ಓಡಿಬಂದು, “ಟೀಚರ್, ಬರ್ರೀ, ತುಟಿ ಕಪ್ಪಾಗ್ಯಾವು” ಎಂದಳು. ಹೋಗಿ ನೋಡಿದೆ. ಹುಡುಗಿ ಕೌದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅಂಗಿ ಮೇಲೆತ್ತಿ ಹಿಡಿದುಕೊಂಡಿದ್ದಳು, ಬಟ್ಟೆ ತಾಗಿದರೆ ಗಾಯ ಉರಿಯುತ್ತದೆಂದು. ಮೂರು ಹಸಿ ಗಾಯ, ನನ್ನವು ಇರುವ ಜಾಗದಲ್ಲೇ.

ಆಂಬುಲೆನ್ಸ್ ಬಂತು. ಮಾನ್ವಿಯಲ್ಲಿ ಆಮ್ಲಜನಕ ಹಾಕಿ, ಇಲ್ಲಿ ಆಗುವುದಿಲ್ಲ, ರಾಯಚೂರಿಗೆ ಹೋಗಿ ಎಂದರು. ನಾನೂ ತಾಯಿಯೂ ಅವಳ ಆಚೆ ಈಚೆ ಕೂತೆವು. ದಾರಿಯುದ್ದಕ್ಕೂ ಹತ್ತಿ ಹೇರಿದ ಟ್ರ್ಯಾಕ್ಟರುಗಳು ಅಡ್ಡ ಬರುತ್ತಿದ್ದವು, ಚಾಲಕ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಕಲ್ಲೂರು ದಾಟಿದ ಮೇಲೆ ಹುಡುಗಿ ನನ್ನ ಬೆರಳು ಜಗ್ಗಿದಳು. ಏನೋ ಹೇಳಬೇಕಿತ್ತು. ಬಗ್ಗಿ ಕಿವಿಗೊಟ್ಟೆ. ಒಂದೊಂದು ಮಾತಿಗೆ ಒಂದೊಂದು ಉಸಿರು ಕೂಡಿಸಿಕೊಂಡು ಕೇಳಿದಳು: “ನಿಮಗೂ... ಹಿಂಗ... ಉರೀತಿತ್ತೇನ್ರಿ?”

ಸದಾ ಗದರುವ ಟೀಚರಿಗೂ ತನ್ನಂತೆಯೇ ಆಗಿತ್ತು ಎಂಬುದು ಅವಳಿಗೆ ದೊಡ್ಡ ಸಂಗತಿಯಾಗಿತ್ತು ಎಂದು ಕಾಣುತ್ತದೆ. “ಹೂಂ ಪುಟ್ಟಾ, ಉರೀತಿತ್ತು. ಆಮ್ಯಾಲ ಕಡಿಮಿ ಆತು” ಎಂದೆ. ನನಗೆ ಅದರ ನೆನಪೇ ಇಲ್ಲ. ಆದರೂ ಹಾಗೆಂದೆ.

ರಾಯಚೂರಿನ ಆಸ್ಪತ್ರೆಯಲ್ಲಿ ಮರುದಿನ ಮಧ್ಯಾಹ್ನ ಅವಳು ತೀರಿಕೊಂಡಳು. ನ್ಯುಮೋನಿಯಾ ಎಂದರು. “ಒಂದು ದಿನ ಮೊದಲು ತಂದಿದ್ದರೆ” ಎಂದು ಶುರು ಮಾಡಿದ ವೈದ್ಯೆ ತಾಯಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. ಗಿರಣಿಯಿಂದ ಬಂದ ತಂದೆಯ ತಲೆಗೂದಲಿನಲ್ಲಿ ಹೊಟ್ಟಿನ ಧೂಳು ಹಾಗೇ ಇತ್ತು. ಅವನು ಮಗಳನ್ನು ಎತ್ತಿಕೊಂಡು, ಹೊಟ್ಟೆಯ ಮೇಲಿನ ಅಂಗಿ ಎಳೆದು ಸರಿಮಾಡಿದ.

ಮುಂದಿನ ಭಾನುವಾರ ನಾನು ದೇವದುರ್ಗಕ್ಕೆ ಹೋದೆ. ಅವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಚಪ್ಪಲಿ ಕೂಡ ಬಿಡದೆ ಜಗಳ ತೆಗೆದೆ. ನೀನು ಹಾಕಿಸಿದ ಬರೆ ಒಂದು ಕೂಸನ್ನು ಕೊಂದಿತು ಎಂದೆ. ಎಲ್ಲವನ್ನೂ ಹೇಳಿದೆ. ಹೊಟ್ಟೆ ತೋರಿಸಿದ್ದು, ಅಜ್ಜಿ ಕಲೆ ಮುಟ್ಟಿದ್ದು, ಗಾಡಿಯಲ್ಲಿ ಆ ಹುಡುಗಿ ಕೇಳಿದ್ದು. ಅವ್ವ ಮೊರ ಕೆಳಗಿಟ್ಟಳು.

“ನಿನಗೊಬ್ಬಾಕಿಗೇ ಹಾಕ್ಸಿರಲಿಲ್ಲ” ಎಂದಳು.

ನನಗೊಬ್ಬ ಅಣ್ಣನಿದ್ದ. ಮೂರು ವರ್ಷದವನಿದ್ದಾಗ ಥಂಡಿಯಾಗಿ ತೀರಿಕೊಂಡ ಎಂದಷ್ಟೇ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಇಬ್ಬರಿಗೂ ಒಟ್ಟಿಗೇ ಎದೆ ಕಟ್ಟಿತ್ತಂತೆ. ಒಂದೇ ಸಂಜೆ, ಒಂದೇ ಕೈ, ಒಂದೇ ಅರಿಶಿನದ ಕೊಂಬು. ಮೊದಲು ಅವನಿಗೆ, ಆಮೇಲೆ ನನಗೆ. ನನಗೆ ತಾನಾಗಿಯೇ ಕಡಿಮೆಯಾಯಿತು. ಅವನು ಮೂರನೇ ದಿನ ಹೋದ. “ಮಣ್ಣಾಗ ಇಡುಮುಂದ ಹೊಟ್ಟಿ ಮ್ಯಾಲ ಮೂರು ಗಾಯ ಇನ್ನಾ ಹಸೀನ ಇದ್ವು. ನಾನ ಅಂಗಿ ಹಾಕಿ ಮುಚ್ಚಿದೆ” ಎಂದಳು ಅವ್ವ.

“ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಯವ್ವಾ?”

“ನೀ ಉಳದಿದ್ದಿ. ನಿನ್ನನ್ನಾರ ಆ ಬರಿ ಉಳಿಸ್ತು ಅಂತ ಅನ್ಕೊಂಡೆ. ಅಷ್ಟಾರ ಇರ್ಲಿ ಅಂತ” ಎಂದಳು. ಅವಳು ಅತ್ತಳು. ನಾನು ಅವಳನ್ನು ಮುಟ್ಟಲಿಲ್ಲ. ಆ ಹೊತ್ತಿಗೆ ನನ್ನಿಂದ ಆಗಲಿಲ್ಲ.

ಬಸ್ಸಿನಲ್ಲಿ ಮರಳುವಾಗ ತಲೆಯಲ್ಲಿ ಒಂದೇ ವಿಚಾರ ಕೊರೆಯುತ್ತಿತ್ತು. ಊರಲ್ಲಿ ಕಣ್ಣಿಗೆ ಬೀಳುವ ಬರೆಗಳೆಲ್ಲ ಬದುಕಿದವರವು. ನನ್ನದು, ಬಾವಿಕಟ್ಟೆಯಲ್ಲಿ ಮೈ ತೊಳೆಯುವ ಗಂಡಸರದು. ಎಲ್ಲರೂ ಅವನ್ನೇ ತೋರಿಸಿ ಸಾಕ್ಷಿ ಹೇಳುತ್ತಾರೆ. ಸತ್ತ ಮಕ್ಕಳ ಹೊಟ್ಟೆಯನ್ನು ಅಂಗಿಯಿಂದ ಮುಚ್ಚಿ ಮಣ್ಣಿಗಿಟ್ಟಿರುತ್ತಾರೆ. ಅವರ ಪರವಾಗಿ ಮಾತಾಡಲು ಯಾರೂ ಉಳಿದಿರುವುದಿಲ್ಲ.

ಮತ್ತೆ ಚಳಿಗಾಲ ಬಂತು. ಪಟ್ಟಿ ಬರೆದೆ. ಕೊನೆಯ ಸಾಲನ್ನು ಈ ಸಲ ಮೊದಲಿಗೆ ತಂದೆ, ಮುಖ್ಯೋಪಾಧ್ಯಾಯರು ತಾವೇ ಅದನ್ನು ಗೋಡೆಗೆ ಅಂಟಿಸಿದರು. ಸಭೆಯ ದಿನ ಆ ತಾಯಿ ಬಂದಿದ್ದಳು. ಸತ್ತ ಹುಡುಗಿಯ ತಂಗಿ ಆ ವರ್ಷ ಒಂದನೇ ತರಗತಿಗೆ ಸೇರಿದ್ದಳು. ಅಜ್ಜಿಯೂ ಬಂದು ಗೋಡೆಯ ಪಕ್ಕ, ಎಲ್ಲರಿಂದ ದೂರ ಕೂತಳು. ಒಂದೇ ವರ್ಷಕ್ಕೆ ಅರ್ಧ ಆಗಿದ್ದಳು.

ಮೊದಲ ಸಾಲು ಓದಿ ಹಾಳೆ ಕೆಳಗಿಟ್ಟೆ. ನನ್ನ ಅಣ್ಣನ ಕಥೆ ಹೇಳಿದೆ. ಒಂದೇ ಕೊಂಬಿನಿಂದ ಇಬ್ಬರಿಗೆ ಹಾಕಿದ್ದನ್ನು, ಅವನು ಹೋಗಿ ನಾನು ಉಳಿದದ್ದನ್ನು, ಅವ್ವ ಅಂಗಿಯಿಂದ ಮುಚ್ಚಿದ್ದನ್ನು. ಯಾರೂ ನಗಲಿಲ್ಲ. ಒಬ್ಬಳು ತನ್ನ ಕೂಸನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಆ ತಾಯಿ ಎದ್ದು ನಿಂತಳು. ಸಿಟ್ಟಿರಲಿಲ್ಲ ಅವಳಲ್ಲಿ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಚಿಕ್ಕ ಮಗಳ ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆಯುತ್ತ, ನನ್ನ ಮುಖವನ್ನೇ ನೋಡುತ್ತ ಕೇಳಿದಳು: “ಇದನ್ನ ಹ್ವಾದ ವರ್ಷ ಯಾಕ ಹೇಳ್ಲಿಲ್ರೀ ಟೀಚರ್?”

“ನನಗ ಗೊತ್ತಿರ್ಲಿಲ್ಲವ್ವಾ” ಎಂದೆ. ಅವಳು ತಲೆಯಾಡಿಸಿ ಕೂತಳು. ಇನ್ನುಳಿದ ಸಾಲುಗಳನ್ನು ನಾನು ಓದಲೇಬೇಕಿತ್ತು. ಕಾಯಿಸಿದ ನೀರು ಕೊಡಿ, ಎಂದು ಓದಿದೆ.