ಫ್ರೀಜರ್ ಸುಮ್ಮನಾದ ಸಂಜೆ

ನಮ್ಮ ನಡುಮನೆಯಲ್ಲಿ ಮೀನಿನ ಫ್ರೀಜರ್ ಇದೆ. ಅತ್ತೆ ಅಂಕೋಲೆಯ ಪೇಟೆಗೆ ಒಯ್ಯುವ ಮೀನು ಅದರಲ್ಲಿರುತ್ತದೆ. ಹಗಲಿಡೀ ಅದು ಗುಂಯ್‌ಗುಡುತ್ತದೆ. ಶಾಲೆಯಿಂದ ಬಂದು ಉತ್ತರಪತ್ರಿಕೆ ತಿದ್ದಲು ಕುಳಿತರೆ ಆ ಸದ್ದು ಹಲ್ಲಿನ ಬುಡಕ್ಕೇ ಇಳಿಯುತ್ತಿತ್ತು. ಹಾಗಾಗಿ ಸದ್ದನ್ನು ಅಳಿಸುವ ಹೆಡ್‌ಫೋನ್ ತಂದೆ. ಗುಂಡಿ ಒತ್ತಿದರೆ ಫ್ರೀಜರ್ ಇಲ್ಲವೇ ಇಲ್ಲ. ಜನರ ಮಾತು, ಕಾಗೆಯ ಕೂಗು ಮಾತ್ರ ಸಣ್ಣಗೆ ಕೇಳುತ್ತಿತ್ತು.

ನಮ್ಮೂರು ದೇವಬಾಗದಲ್ಲಿ ಪ್ರತಿ ಮನೆಗೂ ತಮ್ಮ ದೋಣಿಯ ಎಂಜಿನ್ ಸದ್ದಿನ ಗುರುತುಂಟು. ಗಂಡನ ದೋಣಿ, ಹೊಳೆ ಕಡಲು ಸೇರುವ ಅಳಿವೆ ದಾಟಿದ್ದು ಕೇಳಿಸಿದ ಮೇಲೆಯೇ ನಾನು ಅನ್ನಕ್ಕಿಡುವುದು.

ಆ ಸಂಜೆ ಗಾಳಿ ಎದ್ದಿತ್ತು. ಹೆಡ್‌ಫೋನ್ ಹಾಕಿಕೊಂಡೇ ಕಾದೆ. ಮಾತು ಕೇಳುತ್ತದೆಂದರೆ ಎಂಜಿನ್ನೂ ಕೇಳುತ್ತದೆ ಎಂದುಕೊಂಡಿದ್ದೆ. ಕೇಳಲಿಲ್ಲ. ಗಂಡನ ಫೋನೂ ಹತ್ತಲಿಲ್ಲ. ದಂಡೆಗೆ ಓಡಿದೆ. ಉಳಿದವರ ದೋಣಿಗಳಿದ್ದವು, ನಮ್ಮದಿರಲಿಲ್ಲ.

ಪಕ್ಕದ ಮನೆಯಾತ ತನ್ನ ಅವ್ವನ ಜೊತೆ ಬಲೆ ಮಡಚುತ್ತಿದ್ದ. ನಮ್ಮ ದೋಣಿ ಬಂದಿಲ್ಲವೆಂದೆ.

“ಎಂಜಿನ್ ಸದ್ದು ಸರಿ ಕೇಳಿದ್ಯಾ ನೀನು?” ಎಂದ.

“ಆಗಿಂದ ಕಿವಿ ಇಟ್ಕಂಡೇ ಕೂತಿದ್ದೆ. ಬರ್ಲಿಲ್ಲ.”

“ಗಾಳಿ ನೋಡು ಮಗಾ,” ಎಂದಳು ಅವ್ವ.

“ನೋಡ್ತಾ ಕೂತ್ರೆ ಆಗ್ತದಾ? ನಾಳೆ ನಂಗೂ ಯಾರಾದ್ರೂ ಬರ್ಬೇಕಲ್ಲ,” ಎಂದು ಒಬ್ಬನೇ ದೋಣಿ ನೂಕಿದ.

ಅವನು ಮರೆಯಾಗಿ ಸ್ವಲ್ಪ ಹೊತ್ತಾಗಿತ್ತು. ಹಿಂದಿನಿಂದ ನನ್ನ ಗಂಡ ಬುಟ್ಟಿ ಹೊತ್ತು ನಡೆದು ಬಂದ.

“ಯಾರೇ ಹೋದದ್ದು ಈ ಗಾಳಿಲಿ? ಹುಚ್ಚ್ ಹಿಡಿದದ್ಯಾ?”

“ನಿಮ್ಮನ್ನ ಹುಡುಕೂಕೆ,” ಎಂದೆ.

ಅವನು ಬುಟ್ಟಿ ಇಳಿಸಿದ. “ಇಲ್ಲಿ ಅಲೆ ಹೊಡಿತದೆ ಅಂತ ದೋಣಿ ಹಿಂದಿನ ಹಳ್ಳದಲ್ಲಿ ಕಟ್ದೆ. ಮನೆ ಎದುರಿಂದ್ಲೇ ದೋಣಿ ತಂದ್ನಲ್ಲ, ಎಂಜಿನ್ ಕೇಳ್ಲಿಲ್ವಾ?”

ಫ್ರೀಜರಿನದೂ ಎಂಜಿನ್ನಿನದೂ ಒಂದೇ ಜಾತಿಯ ದಪ್ಪ, ಎಡೆಬಿಡದ ಸದ್ದು. ಹೆಡ್‌ಫೋನಿನಲ್ಲಿ ಎರಡೂ ಅಳಿಸಿ ಹೋಗಿದ್ದವು. ಪಕ್ಕದ ಮನೆಯಾತನನ್ನು ವಾಪಸು ಕರೆಯಲು ಫೋನ್ ತೆಗೆದೆ. ಹೋದವನ ಫೋನ್ ಬಲೆಯ ಪಕ್ಕದಲ್ಲೇ ಬಿದ್ದಿತ್ತು.

“ನಾ ಹೋಗ್ತೆ,” ಎಂದು ಗಂಡ ತಿರುಗಿದ.

“ನೀ ಹೋದ್ರೆ ನಿನ್ನ ಹುಡುಕೂಕೆ ಯಾರು ಹೋಗುದು? ನಿಲ್ಲು!” ಅವ್ವ ಗದರಿದಳು. ಹಾಗೆಯೇ ನನ್ನ ಮಣಿಕಟ್ಟು ಹಿಡಿದಳು. ಬೈಯಲಿಲ್ಲ. ಬೈದಿದ್ದರೆ ಉಸಿರಾಡಬಹುದಿತ್ತು. ನೀರಿನ ಮೇಲಿನ ಬೆಳಕು ಹೋಗುತ್ತ ಬಂತು. ಅವಳ ಉಗುರು ಚರ್ಮಕ್ಕಿಳಿದಿತ್ತು, ನಾನು ಕೈ ಅಲುಗಿಸಲಿಲ್ಲ.

“ಬಂದ,” ಎಂದಳು ಕೊನೆಗೆ.

ನನಗೆ ಗಾಳಿಯ ಹೊರತು ಏನೂ ಕೇಳುತ್ತಿರಲಿಲ್ಲ. “ಅವ್ನದೇ ಹೌದಾ?” ಎಂದು ಕೇಳಿಬಿಟ್ಟೆ.

“ನನ್ನ ಮಗನ ಎಂಜಿನ್ ಸದ್ದು ನಿನ್ನ ಹತ್ರ ಕೇಳಿ ತಿಳ್ಕಣುದು ಬ್ಯಾಡ ನಂಗೆ.”

ದೋಣಿಯ ಮೂತಿ ಕಣ್ಣಿಗೆ ಬೀಳುವ ತನಕ ಅವಳು ನನ್ನ ಕೈ ಬಿಡಲಿಲ್ಲ.