ತಗಡಿಗೆ ಹಚ್ಚಿದ ಕಿವಿ

ಕಾಕಾ ಅವರ ಎಡಗಿವಿ ಬಲಗಿವಿಗಿಂತ ಕೆಂಪಗಿರುತ್ತಿತ್ತು. ಬಿಸಿ ತಗಡಿಗೆ ಒತ್ತಿ ಒತ್ತಿ ಅದರ ಅಂಚು ಚಪ್ಪಟೆಯಾಗಿತ್ತು. ಘಟಪ್ರಭಾ ಸ್ಟೇಷನ್ ರಸ್ತೆಯ ಅವರ ತಂಪು ಖೋಲಿಯಲ್ಲಿ ಊರೂರಿನ ಅಂಗಡಿಯವರ ಸರ್ವರ್‌ಗಳು ಗುಂಯ್‌ಗುಡುತ್ತಿದ್ದವು. ಬೆಳಿಗ್ಗೆ ಬೀಗ ತೆಗೆದವರೇ ಒಂದೊಂದಕ್ಕೂ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಹರೆಯದಲ್ಲಿ ಗಿರಣಿಯಲ್ಲಿ ಮಗ್ಗ ನೋಡಿಕೊಂಡವರು. ನೂರು ಮಗ್ಗಗಳ ಗದ್ದಲದಲ್ಲಿ ಕೆಡಲಿರುವ ಒಂದನ್ನು ಕಿವಿಯಿಂದಲೇ ಹಿಡಿಯುವುದನ್ನು ಅಲ್ಲಿ ಕಲಿತಿದ್ದರು.

ನನ್ನದು ಮೂಡಲಗಿಯಲ್ಲಿ ಫೋಟೋ ಸ್ಟುಡಿಯೋ. ಮದುವೆಯ ಫೋಟೋಗಳನ್ನು ಗಿರಾಕಿಗಳು ಮನೆಯಲ್ಲೇ ನೋಡಲೆಂದು ವೆಬ್‌ಸೈಟಿಗೆ ಹಾಕುತ್ತಿದ್ದೆ. ಜಿಪುಣತನಕ್ಕೆ ನಾನು ಹೆಸರುವಾಸಿ. ಹತ್ತಾರು ಜನ ಹಂಚಿಕೊಳ್ಳುವ ಅಗ್ಗದ ಸರ್ವರ್ ಹಿಡಿದೆ, ನಕಲು ಇಡುವುದೂ ದಂಡವೆಂದು ಬಿಟ್ಟೆ. ಅದು ಕೆಟ್ಟು ಎಲ್ಲ ಹೋಯಿತು. ಮರುವಾರ ಹುಕ್ಕೇರಿಯಿಂದ ಒಬ್ಬ ತಾಯಿ ಬಂದಳು. ಮದುವೆಯಾದ ವರ್ಷದೊಳಗೇ ಅವಳ ಮಗ ತೀರಿಕೊಂಡಿದ್ದ.

"ಒಂದರ ಫೋಟೋ ಇದ್ರ ಕೊಡೋ ಯಪ್ಪಾ," ಎಂದಳು.

ಒಂದೂ ಇರಲಿಲ್ಲ. ಅವಳು ಬೈಯಲಿಲ್ಲ. ಗೋಡೆಯ ಮೇಲಿದ್ದ ಬೇರೆಯವರ ಮದುಮಕ್ಕಳನ್ನು ನೋಡುತ್ತ ಬಹಳ ಹೊತ್ತು ಕೂತಳು. ಆ ನಾಚಿಕೆಯಲ್ಲೇ ಕಾಕಾ ಅವರ ಖೋಲಿಗೆ ಹೋದೆ.

"ಹಂಚಿಕೊಂಡ ಸರ್ವರ್ ಗಿರಣಿ ಚಾಳಿನ ಸಾಲುಮನಿ ಇದ್ದಂಗ್ರಿ," ಎಂದರು. "ಬಾಡಿಗಿ ಕಡಿಮಿ, ಆದ್ರ ಬಾಜೂದವ್ರು ನಳ ಬಿಟ್ಟು ಕುಂತ್ರ ನಿಮಗ ನೀರಿಲ್ಲ. ಇಡೀ ಸರ್ವರ್ ಬಾಡಿಗಿ ಹಿಡದ್ರ ಒಬ್ಬರ ಇರಾಕ ಬಂಗ್ಲೆ. ನಿಮ್ಮ ಸ್ಟುಡಿಯೋದ ಬಾಡಿಗಿಗಿಂತ ಜಾಸ್ತಿ ಆಕ್ಕೈತಿ. ನಿಮ್ಮ ಮಷೀನ ನೀವ ತಂದು ನನ್ನ ಖೋಲ್ಯಾಗ ಇಟ್ರ, ಖರೀದಿ ಒಂದ ಸಲ. ಆಮ್ಯಾಲ ಜಾಗಾ, ಕರೆಂಟು, ನೆಟ್ಟಿಂದಷ್ಟ."

ಆಮೇಲೆ ಕಣ್ಣು ಮುಚ್ಚಿ, "ಇನ್ನೊಂದು ಖರ್ಚು ಐತಿ, ಅದನ್ನ ಯಾರೂ ಕೇಳಂಗಿಲ್ಲ. ಕೆಡೂ ಮೊದಲ ಅದಕ್ಕ ಕಿವಿ ಕೊಡಾವ್ರು ಯಾರು?" ಎಂದರು.

"ಯಾರ್ರಿ ಕಾಕಾ?"

"ನಾ ಅದೀನಲ್ರಿ."

ನನ್ನದೇ ಮಷೀನು ಕೊಂಡು ಅವರ ಖೋಲಿಯಲ್ಲಿಟ್ಟೆ. ಒಂದು ಮಧ್ಯಾಹ್ನ ಅವರ ಫೋನ್ ಬಂತು. "ನಿಮ್ಮ ಮಷೀನ ಉಸರ ಹಿಡ್ಯಾಕತ್ತೈತಿ, ಲಗೂನ ಬರ್ರಿ." ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಒಳಗೊಳಗೇ ನಕ್ಕರೂ ಅವರ ಮಾತಿಗೆ ನಕಲು ತೆಗೆದೆ. ಮರುದಿನ ಡಿಸ್ಕ್ ಸತ್ತಿತ್ತು.

ಹೋದ ವರ್ಷ ಕಾಕಾ ಮಲಗಿದಲ್ಲೇ ತೀರಿಕೊಂಡರು. ಹನ್ನೆರಡು ದಿನ ಕಳೆದ ಮೇಲೆ, ಮಷೀನು ಒಯ್ಯಿರೆಂದು ಅವರ ಹೆಂಡತಿ ಕರೆದರು. ಬೀಗ ಹಾಕಿದ ಖೋಲಿಯಲ್ಲಿ ಸರ್ವರ್‌ಗಳು ಓಡುತ್ತಲೇ ಇದ್ದವು. ಎಲ್ಲದರ ಮೇಲೂ ಧೂಳು. ನನ್ನದರ ಎಡ ಮೂಲೆಯಲ್ಲಿ ಮಾತ್ರ ಕಿವಿಯಷ್ಟಗಲದ ಜಾಗ ಈಗಷ್ಟೇ ಒರೆಸಿದಂತೆ ಹೊಳೆಯುತ್ತಿತ್ತು.

"ಯಾರರ ಒಳಗ ಬಂದಿದ್ರೇನ್ರಿ ಕಾಕೂ?"

"ಅವರು ಹ್ವಾದ ದಿನದಿಂದ ಕೀಲಿಕೈ ನನ್ನ ಸೊಂಟದಾಗ ಐತೆಪಾ."

ಆ ಜಾಗಕ್ಕೇ ಕಿವಿ ಹಚ್ಚಿದೆ. ಗುಂಯ್ ಎನ್ನುವ ಸದ್ದಿನ ಅಡಿಯಲ್ಲಿ ಸಣ್ಣಗೆ ಟಕ್ ಎಂದಿತು. ತಡೆದು, ಮತ್ತೆ ಟಕ್. ಕಾಕಾ ಕಿವಿ ಕೊಡುತ್ತಾರೆಂಬ ಧೈರ್ಯಕ್ಕೆ ಮತ್ತೆ ನಕಲು ಇಟ್ಟಿರಲಿಲ್ಲ; ಆ ವರ್ಷದ ಅಷ್ಟೂ ಮದುವೆಗಳು ಅದರಲ್ಲಷ್ಟೇ ಇದ್ದವು. ಕಾಕೂ ಕೊಟ್ಟ ಚಹಾ ಆರಿದರೂ ಮುಟ್ಟದೆ ನಕಲು ತೆಗೆದೆ. ಸಂಜೆಗೆ ಡಿಸ್ಕ್ ನಿಂತುಹೋಯಿತು.

ಹೊಸ ಡಿಸ್ಕ್ ಹಾಕಿಸಿ ಮಷೀನನ್ನು ಮೂಡಲಗಿಗೆ ತಂದಿದ್ದೇನೆ. ಇಂದು ನನ್ನ ಗೋಡೆಯ ಮುಂದೆ ಯಾವ ತಾಯಿಯೂ ಬರಿಗೈಯಲ್ಲಿ ಕೂತಿಲ್ಲವೆಂದರೆ ಅದು ಕಾಕಾ ಅವರ ಋಣ. ದಿನಾ ಬೆಳಿಗ್ಗೆ ನಾನೂ ಕಿವಿ ಹಚ್ಚುತ್ತೇನೆ. ಮೊನ್ನೆ ಹಿಂದಿನ ದಿನದಿಂದಲೂ ಕರೆಂಟಿರಲಿಲ್ಲ. ಮಷೀನು ತಣ್ಣಗೆ ಬಿದ್ದಿತ್ತು. ರೂಢಿಯಂತೆ ಬಾಗಿದೆ. ಆ ಎಡ ಮೂಲೆ ಮಾತ್ರ ಬೆಚ್ಚಗಿತ್ತು.